ಪೊಟ್ಟಣದ ಬೆನ್ನಿನ ಅಂಕಿಗಳು

ಈ ಬಾರಿ ಬಂದ ಪತ್ರಗಳಲ್ಲಿ ಬಹುಪಾಲು ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳವು. ಅಂಗಡಿಯಿಂದ ತರುವ ಸಿದ್ಧ ತಿನಿಸುಗಳಿಗೆ ಬೆರೆಸುವ ಬಣ್ಣ, ಸಂರಕ್ಷಕ, ಸಿಹಿಕಾರಕಗಳಲ್ಲಿ ಯಾವುದನ್ನು ಬಿಡಬೇಕು, ಯಾವುದಕ್ಕೆ ಸುಮ್ಮನೆ ಹೆದರುತ್ತಿದ್ದೇವೆ ಎಂಬುದೇ ಎಲ್ಲರ ಪ್ರಶ್ನೆ. ಏಳು ಪತ್ರಗಳನ್ನು ಆರಿಸಿಕೊಂಡಿದ್ದೇನೆ, ಉದ್ದವಾದವನ್ನು ಮೊಟಕುಗೊಳಿಸಿದ್ದೇನೆ.

ನಾನು ಏಳನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿದವಳು. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವುದರಿಂದ ಐದು ವರ್ಷದ ಮೊಮ್ಮಗನನ್ನು ಶಾಲೆಯಿಂದ ಕರೆತರುವವಳು ನಾನೇ. ದಾರಿಯ ಅಂಗಡಿಯಲ್ಲಿ ಅವನು ಬಣ್ಣಬಣ್ಣದ ಜೆಲ್ಲಿ, ಮಿಠಾಯಿ ಕೇಳುತ್ತಾನೆ. ಪೊಟ್ಟಣದ ಮೇಲಿರುವುದೆಲ್ಲ ಇಂಗ್ಲಿಷ್. ಏನನ್ನು ನೋಡಿ ಕೊಡಿಸಲಿ, ಏನನ್ನು ಬೇಡವೆನ್ನಲಿ?
— ಒಬ್ಬ ಅಜ್ಜಿ, ಬೇಲೂರು

ಅಮ್ಮ, ನಿಮ್ಮ ದೂರಿನಲ್ಲಿ ನ್ಯಾಯವಿದೆ. ಪೊಟ್ಟಣದ ಮೇಲಿನ ವಿವರ ಇಂಗ್ಲಿಷಿನಲ್ಲಿ ಇಲ್ಲವೇ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಬೇಕೆಂದು ನಿಯಮ ಹೇಳುತ್ತದೆ. ಕನ್ನಡದಂಥ ಉಳಿದ ಭಾಷೆಗಳನ್ನು ತಯಾರಕರು ಇಷ್ಟಪಟ್ಟರೆ ಸೇರಿಸಬಹುದು, ಸೇರಿಸದಿದ್ದರೆ ಕೇಳುವವರಿಲ್ಲ. ಬೇಲೂರಿನಲ್ಲಿ ಮಾರುವ ಮಿಠಾಯಿಯೊಳಗೆ ಏನಿದೆಯೆಂದು ಬೇಲೂರಿನವರ ಭಾಷೆಯಲ್ಲಿ ಹೇಳುವ ಹೊಣೆ ಯಾರ ಮೇಲೂ ಇಲ್ಲವೆಂಬುದು ನನಗೂ ಸರಿಕಾಣದ ಸಂಗತಿ. ಆದರೂ ನಿಮ್ಮ ಕೈಗೆಟುಕುವ ಒಂದು ದಾರಿ ಇದೆ. ಆಹಾರಕ್ಕೆ ಸೇರಿಸಲು ಅನುಮತಿ ಪಡೆದ ಬಣ್ಣ, ಸಂರಕ್ಷಕ ಮೊದಲಾದವುಗಳಿಗೆಲ್ಲ ಅಂತರರಾಷ್ಟ್ರೀಯ ಮಟ್ಟದಲ್ಲಿ ಒಂದೊಂದು ಸಂಖ್ಯೆ ಗೊತ್ತುಪಡಿಸಲಾಗಿದ್ದು, ನಮ್ಮ ದೇಶದ ಪೊಟ್ಟಣಗಳ ಮೇಲೆ ಸಾಮಾನ್ಯವಾಗಿ ಹೆಸರಿನ ಬದಲು ಆ ಸಂಖ್ಯೆಯನ್ನೇ ಮುದ್ರಿಸುತ್ತಾರೆ. ಬಸ್ ಟಿಕೆಟ್ಟಿನ ದರ ಓದಬಲ್ಲವರು ಅದನ್ನೂ ಓದಬಲ್ಲರು.

ನೂರರಿಂದ ಆರಂಭವಾಗುವ ಸಂಖ್ಯೆಗಳು ಬಣ್ಣಗಳವು. ಇನ್ನೂರರವು ಕೆಡದಂತೆ ಕಾಯುವ ಸಂರಕ್ಷಕಗಳು, ಮುನ್ನೂರರವು ಎಣ್ಣೆ ಕಮಟಾಗದಂತೆ ತಡೆಯುವ ಅಥವಾ ಹುಳಿ ಕೊಡುವ ವಸ್ತುಗಳು, ನಾನೂರರವು ಗಟ್ಟಿ ಮಾಡುವ, ಎಣ್ಣೆ-ನೀರನ್ನು ಬೆಸೆಯುವ ವಸ್ತುಗಳು, ಆರುನೂರರವು ರುಚಿ ಹೆಚ್ಚಿಸುವಂಥವು. ಒಂಬೈನೂರರ ಸಾಲಿನಲ್ಲಿ ಸಿಹಿಕಾರಕಗಳಿವೆ. ಇವನ್ನೆಲ್ಲ ಬಾಯಿಪಾಠ ಮಾಡಬೇಕಿಲ್ಲ. ಅಡುಗೆಮನೆಯ ಕ್ಯಾಲೆಂಡರಿನ ಅಂಚಿನಲ್ಲಿ ಐದೇ ಅಂಕಿ ಬರೆದಿಟ್ಟುಕೊಳ್ಳಿ, ಅದನ್ನೇ ಒಂದು ಚೀಟಿಯಲ್ಲಿ ಬರೆದು ಕೈಚೀಲದಲ್ಲಿ ಹಾಕಿಕೊಳ್ಳಿ: 102, 110, 122, 124, 127. ಮೊದಲೆರಡು ಹಳದಿ ಮತ್ತು ಕಿತ್ತಳೆ, ಉಳಿದ ಮೂರು ಕೆಂಪಿನ ಬಗೆಗಳು.

ಈ ಐದೇ ಏಕೆಂದು ನಿಮ್ಮ ಮಗ ಕೇಳಬಹುದು. ಬ್ರಿಟನ್ನಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರು ಮೂರು ವರ್ಷದ ಮತ್ತು ಎಂಟು-ಒಂಬತ್ತು ವರ್ಷದ ಸುಮಾರು 300 ಮಕ್ಕಳಿಗೆ ಕೃತಕ ಬಣ್ಣಗಳನ್ನೂ ಸೋಡಿಯಂ ಬೆಂಜೊಯೇಟ್ ಎಂಬ ಸಂರಕ್ಷಕವನ್ನೂ ಬೆರೆಸಿದ ಪಾನೀಯ ಕೊಟ್ಟು ನಡೆಸಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಬಣ್ಣ ಕುಡಿದ ಮಕ್ಕಳಲ್ಲಿ ಚಡಪಡಿಕೆ ಸ್ವಲ್ಪ ಹೆಚ್ಚಿತ್ತು. ಎಲ್ಲ ಮಕ್ಕಳಲ್ಲೂ ಒಂದೇ ರೀತಿ ಇರಲಿಲ್ಲ, ಪರಿಣಾಮ ದೊಡ್ಡದೂ ಆಗಿರಲಿಲ್ಲ. ಆದರೂ 2010ರ ಜುಲೈನಿಂದ ಐರೋಪ್ಯ ಒಕ್ಕೂಟದಲ್ಲಿ ಈ ಬಣ್ಣಗಳಿರುವ ತಿನಿಸುಗಳ ಮೇಲೆ ‘ಮಕ್ಕಳ ಚಟುವಟಿಕೆ, ಗಮನಗಳ ಮೇಲೆ ದುಷ್ಪರಿಣಾಮ ಆಗಬಹುದು’ ಎಂಬ ಎಚ್ಚರಿಕೆ ಮುದ್ರಿಸುವುದು ಕಡ್ಡಾಯವಾಯಿತು. ಅಲ್ಲಿ ಪರೀಕ್ಷಿಸಿದ ಆರು ಬಣ್ಣಗಳಲ್ಲಿ ನಾಲ್ಕಕ್ಕೆ ನಮ್ಮಲ್ಲಿ ಅನುಮತಿಯಿದೆ. ನಿಮ್ಮ ಚೀಟಿಯ ಮೊದಲ ನಾಲ್ಕು ಅಂಕಿಗಳು ಅವೇ. ಐದನೆಯದಾದ 127, ಅಂದರೆ ಎರಿಥ್ರೋಸಿನ್, ಹೆಚ್ಚು ಪ್ರಮಾಣದಲ್ಲಿ ತಿಂದ ಗಂಡು ಇಲಿಗಳ ಥೈರಾಯ್ಡ್ ಗ್ರಂಥಿಯಲ್ಲಿ ಗಂತಿ ಉಂಟುಮಾಡಿತೆಂಬ ಹಳೆಯ ಫಲಿತಾಂಶವನ್ನು ಆಧರಿಸಿ ಅಮೆರಿಕ 2025ರ ಜನವರಿಯಲ್ಲಿ ಅದರ ಅನುಮತಿಯನ್ನು ಹಿಂತೆಗೆದುಕೊಂಡಿತು.

ಹಾಗೆಂದು ಸಂಖ್ಯೆ ಕಂಡಾಕ್ಷಣ ವಿಷವೆಂದು ತಿಳಿಯಬೇಡಿ. ಅರಿಶಿನದ ಬಣ್ಣಕ್ಕೂ ಒಂದು ಸಂಖ್ಯೆ ಇದೆ, ಅದು 100. ಬೀಟ್‌ರೂಟಿನ ಕೆಂಪು 162, ಸಿ ಜೀವಸತ್ವ 300, ನಿಂಬೆಯ ಹುಳಿ 330, ಹಣ್ಣಿನ ಪೆಕ್ಟಿನ್ 440, ನೀವು ದೋಸೆಗೆ ಚಿಟಿಕೆ ಹಾಕುವ ಅಡುಗೆ ಸೋಡಾ 500. ಕಳೆದ ವಾರ ಚಿಕ್ಕಮಗಳೂರಿನ ನಮ್ಮ ಬೀದಿಯ ಅಂಗಡಿಯಿಂದ ಐದು ರೂಪಾಯಿಯ ಜೆಲ್ಲಿ ಪೊಟ್ಟಣವೊಂದನ್ನು ತಂದು, ಭೂತಗನ್ನಡಿ ಹಿಡಿದು ಓದಿದೆ. ಮುಂಬದಿಯಲ್ಲಿ ಸೀಳಿದ ಮಾವಿನ ಹಣ್ಣಿನ ಚಿತ್ರವಿತ್ತು. ಹಿಂಬದಿಯಲ್ಲಿ ಸಕ್ಕರೆ, ನೀರು, 407, 330, 211, 110, ಕೊನೆಗೆ ಮಾವಿನ ಪರಿಮಳ ಎಂದಿತ್ತು, ಮಾವು ಇರಲಿಲ್ಲ. 407 ಕಡಲಪಾಚಿಯಿಂದ ತೆಗೆದ ಗಟ್ಟಿಕಾರಕ, 330 ನಿಂಬೆಹುಳಿ, 211 ಸಂರಕ್ಷಕ. ಈ ಮೂರಕ್ಕೂ ಆ ಪೊಟ್ಟಣದಲ್ಲಿ ಏನೋ ಒಂದು ಕೆಲಸವಿದೆ. 110ಕ್ಕೆ ಇರುವ ಕೆಲಸವೆಂದರೆ ಇಲ್ಲದ ಮಾವನ್ನು ಇದೆಯೆಂದು ಮಗುವಿನ ಕಣ್ಣಿಗೆ ತೋರಿಸುವುದಷ್ಟೇ. ನನ್ನ ಅಳತೆಗೋಲು ಇದೇ: ಕೆಡದಿರಲೆಂದು ಹಾಕಿದ್ದನ್ನು ಅಳೆದು ತಿನ್ನೋಣ, ಕಣ್ಣಿಗೆಂದು ಹಾಕಿದ್ದನ್ನು ಬಿಡೋಣ. ಮುಂದಿನ ಪತ್ರಗಳಿಗೂ ಇದನ್ನೇ ಹಿಡಿದು ಉತ್ತರಿಸಿದ್ದೇನೆ.

ಇನ್ನೊಂದು ಗುರುತು ಹೇಳಿಬಿಡುತ್ತೇನೆ. ಪದಾರ್ಥಗಳ ಪಟ್ಟಿಯಲ್ಲಿ ತೂಕದಲ್ಲಿ ಹೆಚ್ಚಿರುವುದು ಮೊದಲು, ಕಡಿಮೆಯಿರುವುದು ಕೊನೆಗೆ ಬರಬೇಕೆಂಬುದು ನಿಯಮ. ‘ಬ್ರೌನ್’ ಬ್ರೆಡ್ಡಿನ ಪಟ್ಟಿ ಮೈದಾದಿಂದ ಆರಂಭವಾಗಿ ನಡುವೆಲ್ಲೋ 150 ಎಂದಿದ್ದರೆ, ಅದು ಸುಟ್ಟ ಸಕ್ಕರೆಯ ಬಣ್ಣ ಹಚ್ಚಿಕೊಂಡ ಬಿಳಿ ಬ್ರೆಡ್ಡು. ಅದೇ ರೀತಿ ಬ್ರೆಡ್ಡಿನ ಮೇಲೆ 924 ಎಂದಿದ್ದರೆ ಮುಟ್ಟಬೇಡಿ. ಅದು ಪೊಟ್ಯಾಸಿಯಂ ಬ್ರೋಮೇಟ್, ಕ್ಯಾನ್ಸರ್ ತರಬಹುದೆಂಬ ಕಾರಣಕ್ಕೆ 2016ರಲ್ಲಿ ನಮ್ಮ ದೇಶದಲ್ಲಿ ಅದರ ಬಳಕೆ ನಿಂತಿತು, ಇಂದು ಎಲ್ಲಿಯೂ ಕಾಣಿಸಬಾರದು.

ಅಂಗಡಿಯ ಮುಂದೆ ನಿಂತು ಐದು ವರ್ಷದ ಮಗುವಿಗೆ ಬುದ್ಧಿ ಹೇಳಿ ಗೆದ್ದವರನ್ನು ನಾನು ಕಂಡಿಲ್ಲ. ಅದೇ ಅಂಗಡಿಯಲ್ಲಿ ಕಡಲೆ ಮಿಠಾಯಿ, ಎಳ್ಳುಂಡೆ ಸಿಗುತ್ತವೆಯೇ ನೋಡಿ. ಎರಡರಲ್ಲಿ ಯಾವುದು ಬೇಕೆಂದು ಅವನನ್ನೇ ಕೇಳಿ. ಚೀಟಿಯ ಅಂಕಿಗಳನ್ನು ಪೊಟ್ಟಣದಲ್ಲಿ ಹುಡುಕುವ ಕೆಲಸವನ್ನೂ ಅವನಿಗೇ ವಹಿಸಬಹುದು. ಅಂಕಿ ಕಲಿಯುವ ವಯಸ್ಸು, ಖುಷಿಯಿಂದಲೇ ಮಾಡುತ್ತಾನೆ.

ಹಾಸನದಲ್ಲಿ ಹನ್ನೆರಡು ವರ್ಷದಿಂದ ಸಂಜೆ ಗಾಡಿಯಲ್ಲಿ ಗೋಬಿ ಮಂಚೂರಿ, ಕಬಾಬ್ ಮಾಡುತ್ತೇನೆ. ಬಣ್ಣ ನಿಲ್ಲಿಸಿದ ಮೇಲೆ ಗಿರಾಕಿಗಳು ‘ಇದೇನು ಬಿಳಿಚಿಕೊಂಡಿದೆಯಲ್ಲ’ ಎನ್ನುತ್ತಾರೆ. ಬೀಟ್‌ರೂಟ್ ರಸ ಹಾಕಿ ನೋಡಿದೆ, ಎಣ್ಣೆಗೆ ಬಿಟ್ಟರೆ ಕಂದಿಹೋಗುತ್ತದೆ. ಪುಡಿ ಮಾರುವವನು ‘ಇದು ಪರವಾನಗಿ ಇರುವ ಬಣ್ಣ, ಹಾಕಬಹುದು’ ಎನ್ನುತ್ತಾನೆ. ನಂಬಬಹುದೇ?
— ಗಾಡಿ ವ್ಯಾಪಾರಿ, ಹಾಸನ

ನಂಬಬೇಡಿ. ಪುಡಿ ಮಾರುವವನ ಮಾತು ಅರ್ಧ ಸತ್ಯ, ಅದಕ್ಕೇ ಅಪಾಯಕಾರಿ. ನಮ್ಮ ದೇಶದಲ್ಲಿ ಎಂಟು ಕೃತಕ ಬಣ್ಣಗಳಿಗೆ ಅನುಮತಿ ಇರುವುದು ನಿಜ. ಆದರೆ ಆ ಅನುಮತಿ ಐಸ್‌ಕ್ರೀಂ, ಬಿಸ್ಕತ್ತು, ಮಿಠಾಯಿಯಂಥ ಕೆಲವು ಗೊತ್ತಾದ ತಿನಿಸುಗಳಿಗೆ ಮಾತ್ರ, ಅದೂ ಸಾಮಾನ್ಯವಾಗಿ ಒಂದು ಕೆ.ಜಿ. ತಿನಿಸಿಗೆ 100 ಮಿಲಿಗ್ರಾಂ ಮೀರದಂತೆ. 100 ಮಿಲಿಗ್ರಾಂ ಎಂದರೆ ಒಂದು ಗ್ರಾಮಿನ ಹತ್ತನೆಯ ಒಂದು ಭಾಗ. ಗಾಡಿಯ ಮುಂದೆ ನಿಂತು ಬೆರಳ ತುದಿಯಲ್ಲಿ ಅಷ್ಟನ್ನು ಅಳೆಯುವುದು ಯಾರಿಂದಲೂ ಆಗದ ಕೆಲಸ. ಪರವಾನಗಿ ಬಣ್ಣದ ಹೆಸರಿನಲ್ಲಿ ರೋಡಮೈನ್-ಬಿ ಮಾರುವವರೂ ಇದ್ದಾರೆ. ಅದು ಬಟ್ಟೆ, ಕಾಗದಗಳಿಗೆ ಹಾಕುವ ಬಣ್ಣ. ಆಹಾರದಲ್ಲಿ ಅದು ಎಳ್ಳಷ್ಟೂ ಇರುವಂತಿಲ್ಲ.

2024ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣ ಬಳಸುವುದನ್ನೂ ಬಣ್ಣದ ಬೊಂಬಾಯಿ ಮಿಠಾಯಿಯನ್ನೂ ನಿಷೇಧಿಸಿತು. ಅದಕ್ಕೆ ಮುನ್ನ ತೆಗೆದ 171 ಗೋಬಿ ಮಾದರಿಗಳಲ್ಲಿ 107 ಸುರಕ್ಷಿತವಲ್ಲವೆಂದು ವರದಿ ಬಂದಿತ್ತು. ಅದೇ ವರ್ಷದ ಜೂನ್ ತಿಂಗಳಲ್ಲಿ ಕಬಾಬಿಗೂ ನಿಷೇಧ ವಿಸ್ತರಿಸಿತು. ಅಲ್ಲಿ ಸಿಕ್ಕಿದ್ದು ಸನ್‌ಸೆಟ್ ಯೆಲ್ಲೊ ಮತ್ತು ಕಾರ್ಮೋಸಿನ್, ಅಂದರೆ ಬೇಲೂರಿನ ಅಜ್ಜಿಯ ಚೀಟಿಯಲ್ಲಿರುವ 110 ಮತ್ತು 122. ಮಿಠಾಯಿಯಲ್ಲಿ ಮಿತಿಯೊಳಗೆ ನಡೆಯುವ ಬಣ್ಣವೂ ನಿಮ್ಮ ಬಾಣಲೆಯಲ್ಲಿ ಅಪರಾಧವಾಗುತ್ತದೆ ಎಂಬುದನ್ನು ಪುಡಿ ಮಾರುವವನು ನಿಮಗೆ ಹೇಳಿರಲಾರ. ಏಳು ವರ್ಷದವರೆಗೆ ಸೆರೆ, 10 ಲಕ್ಷ ರೂಪಾಯಿಯವರೆಗೆ ದಂಡವೆಂದು ಸರ್ಕಾರ ಎಚ್ಚರಿಸಿದ್ದು ಗಾಡಿಯ ಮುಂದೆ ನಿಂತವನನ್ನು ಉದ್ದೇಶಿಸಿಯೇ.

ಈಗ ನಿಮ್ಮ ನಿಜವಾದ ತೊಂದರೆಗೆ ಬರುತ್ತೇನೆ. ಬೀಟ್‌ರೂಟಿನ ಕೆಂಪು ನೀರಿನಲ್ಲಿ ಕರಗುವಂಥದ್ದು, ಕಾವಿಗೆ ಒಡೆದುಹೋಗುವಂಥದ್ದು. ಕುದಿಯುವ ಎಣ್ಣೆಯಲ್ಲಿ ಅದು ಕಂದುಬಣ್ಣಕ್ಕೆ ತಿರುಗದೆ ಇರಲಾರದು. ಮೆಣಸಿನಕಾಯಿಯ ಕೆಂಪಿನ ಸ್ವಭಾವ ಬೇರೆ. ಅದು ಎಣ್ಣೆಯಲ್ಲಿ ಕರಗುತ್ತದೆ, ಕಾವನ್ನೂ ತಕ್ಕಮಟ್ಟಿಗೆ ತಾಳುತ್ತದೆ. ಬಣ್ಣ ಹೆಚ್ಚು, ಖಾರ ಕಡಿಮೆ ಇರುವ ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು, ಬೀಜ ತೆಗೆದು ಅರ್ಧ ಗಂಟೆ ಬಿಸಿನೀರಿನಲ್ಲಿ ನೆನೆಹಾಕಿ, ನುಣ್ಣಗೆ ರುಬ್ಬಿ, ಸೋಸಿ ಇಟ್ಟುಕೊಳ್ಳಿ. ಹಿಟ್ಟಿಗೆ ಅದರಲ್ಲಿ ಸ್ವಲ್ಪ ಕಲಸಿ. ಉಳಿದದ್ದನ್ನು ಬೆಳ್ಳುಳ್ಳಿ ಬಾಡಿಸಿದ ಎಣ್ಣೆಗೆ ಹಾಕಿ, ಸಣ್ಣ ಉರಿಯಲ್ಲಿ ಎಣ್ಣೆ ಬಿಡುವವರೆಗೆ ಕೈಯಾಡಿಸಿ, ಕರಿದ ಹೂಕೋಸನ್ನು ಕೊನೆಯಲ್ಲಿ ಅದರೊಳಗೆ ಹೊರಳಿಸಿ ತೆಗೆಯಿರಿ. ಕಣ್ಣು ಕುಕ್ಕುವ ಆ ಹಳೆಯ ಕೆಂಪು ಬರುವುದಿಲ್ಲ. ಇಟ್ಟಿಗೆಯ ಕೆಂಪು ಬರುತ್ತದೆ, ವಾಸನೆ ಮಾತ್ರ ಹಿಂದಿಗಿಂತ ಚೆನ್ನಾಗಿರುತ್ತದೆ. ಖರ್ಚು ಹೆಚ್ಚು ಎಂಬುದನ್ನು ಒಪ್ಪುತ್ತೇನೆ. ತಟ್ಟೆಗೆ ಐದು ರೂಪಾಯಿ ಹೆಚ್ಚಿಸಿ, ಗಾಡಿಗೆ ‘ಬ್ಯಾಡಗಿ ಮೆಣಸಿನಕಾಯಿ ಮಾತ್ರ’ ಎಂದು ಫಲಕ ತೂಗುಹಾಕಿ ನೋಡಿ.

ನಮ್ಮ ಊರಿನ ಸುತ್ತ ಆಲೆಮನೆಗಳಿದ್ದರೂ ಪೇಟೆಯಲ್ಲಿ ಸಿಗುವುದು ಬಂಗಾರದ ಬಣ್ಣದ ಬೆಲ್ಲ. ಅದಕ್ಕೆ ‘ಹೈಡ್ರಾಸ್’ ಹಾಕುತ್ತಾರೆ ಎನ್ನುತ್ತಾರೆ. ಹಾಗೆಂದರೇನು? ಕಪ್ಪು ಬೆಲ್ಲವನ್ನೇ ತಂದರೆ ಚಿಂತೆಯಿಲ್ಲವೇ?
— ಗೃಹಿಣಿ, ಹೊಳೆನರಸೀಪುರ

ಹೈಡ್ರಾಸ್ ಎಂದರೆ ಸೋಡಿಯಂ ಹೈಡ್ರೋಸಲ್ಫೈಟ್. ಬಟ್ಟೆಯ ಗಿರಣಿಗಳಲ್ಲಿ ಬಣ್ಣ ತೆಗೆಯಲು ಬಳಸುವ ಪುಡಿ. ಕುದಿಯುವ ಕಬ್ಬಿನ ಹಾಲಿಗೆ ಅದನ್ನು ಹಾಕಿದರೆ ಪಾಕ ಹಳದಿಗೆ ತಿರುಗುತ್ತದೆ, ಮಾರುಕಟ್ಟೆಯಲ್ಲಿ ದರ ಏರುತ್ತದೆ. ಹಾಗೆ ಮಾಡಿದ ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ ಉಳಿದುಕೊಳ್ಳುತ್ತದೆ. ಕಬ್ಬಿನ ಬೆಲ್ಲದಲ್ಲಿ ಅದು ಒಂದು ಕೆ.ಜಿ.ಗೆ 70 ಮಿಲಿಗ್ರಾಂ ಮೀರಬಾರದೆಂದು ಮಿತಿಯಿದೆ. ಹೆಚ್ಚಿನವರಿಗೆ ಅಲ್ಪಪ್ರಮಾಣದಿಂದ ಏನೂ ಆಗದಿದ್ದರೂ ಉಬ್ಬಸವಿರುವ ಕೆಲವರಿಗೆ ಸಲ್ಫೈಟಿನಿಂದ ಉಸಿರು ಕಟ್ಟುತ್ತದೆ. ಒಣದ್ರಾಕ್ಷಿ, ಒಣ ಏಪ್ರಿಕಾಟ್ ಪೊಟ್ಟಣಗಳ ಮೇಲೆ 220 ಅಥವಾ 223 ಎಂದು ಕಂಡರೆ ಅಂಥವರು ಎಚ್ಚರವಾಗಿರಬೇಕು. ಪೊಟ್ಟಣದಲ್ಲಿ ಬರುವುದಕ್ಕಾದರೆ ಸಲ್ಫೈಟ್ ಇದೆಯೆಂದು ಬರೆಯುವ ಕಟ್ಟಳೆಯಿದೆ. ಸಂತೆಯಲ್ಲಿ ಗೋಣಿಯ ಮೇಲೆ ಹರವಿಟ್ಟ ಅಚ್ಚುಬೆಲ್ಲದ ಮೇಲೆ ಯಾವ ಅಂಕಿಯೂ ಇರುವುದಿಲ್ಲ.

ಆಲೆಮನೆಯಲ್ಲಿ ಮಡ್ಡಿ ತೆಗೆಯಲು ಇನ್ನೊಂದು ಹಳೆಯ ದಾರಿ ಇದೆ, ನಿಮ್ಮ ಕಡೆಯ ಹಿರಿಯರಿಗೆ ಅದು ಗೊತ್ತು. ಬೆಂಡೆ ಗಿಡದ ಕಾಂಡವನ್ನು ಜಜ್ಜಿ ನೀರಿನಲ್ಲಿ ಕಿವುಚಿದರೆ ಬರುವ ಲೋಳೆಯನ್ನು ಕೊಪ್ಪರಿಗೆಗೆ ಸುರಿಯುತ್ತಾರೆ. ಅದು ಕಸವನ್ನೆಲ್ಲ ಅಂಟಿಸಿಕೊಂಡು ನೊರೆಯಾಗಿ ಮೇಲೇಳುತ್ತದೆ, ಜರಡಿಯಲ್ಲಿ ಬಾಚಿ ತೆಗೆದರಾಯಿತು. ಹುಳಿ ಮುರಿಯಲು ಸ್ವಲ್ಪ ಸುಣ್ಣದ ತಿಳಿನೀರು. ಈ ರೀತಿ ಮಾಡಿದ ಬೆಲ್ಲ ಕಂದುಬಣ್ಣಕ್ಕಿರುತ್ತದೆ, ಮಳೆಗಾಲದಲ್ಲಿ ಸ್ವಲ್ಪ ಜಿಗಿಯೂ ಆಗುತ್ತದೆ. ಅದನ್ನು ದೋಷವೆಂದು ಗ್ರಾಹಕರೇ ಬೆಲೆ ಇಳಿಸಿದ್ದರಿಂದ ಆಲೆಮನೆಯವರು ಪುಡಿಗೆ ಕೈಹಾಕಿದರು. ತಪ್ಪನ್ನೆಲ್ಲ ಅವರ ತಲೆಗೆ ಕಟ್ಟುವುದು ನನ್ನಿಂದಾಗದು.

ಕಪ್ಪಾದದ್ದೆಲ್ಲ ಶುದ್ಧ ಎಂಬ ಮಾತೂ ನಿಲ್ಲುವುದಿಲ್ಲ. ಪಾಕ ಸೀದರೂ ಬೆಲ್ಲ ಕಪ್ಪಾಗುತ್ತದೆ, ಕಬ್ಬಿನ ತಳಿಯಿಂದಲೂ ಮಣ್ಣಿನಿಂದಲೂ ಬಣ್ಣ ಬದಲಾಗುತ್ತದೆ. ನಿಮ್ಮ ಊರಿನ ಸುತ್ತ ಆಲೆಮನೆಗಳಿವೆ ಎಂದು ನೀವೇ ಬರೆದಿದ್ದೀರಿ. ಗಾಣ ನಡೆಯುವ ಕಾಲದಲ್ಲಿ ಒಮ್ಮೆ ಹೋಗಿ ಕೊಪ್ಪರಿಗೆಯ ಪಕ್ಕದಲ್ಲಿ ಅರ್ಧ ದಿನ ನಿಲ್ಲಿ. ‘ಪುಡಿ ಹಾಕದ ಬೆಲ್ಲ ವರ್ಷಕ್ಕೆ ಇಷ್ಟು ಬೇಕು, ಬಣ್ಣ ಹೇಗಿದ್ದರೂ ಒಯ್ಯುತ್ತೇವೆ’ ಎಂದು ನಾಲ್ಕು ಮನೆಯವರು ಸೇರಿ ಮೊದಲೇ ಹೇಳಿಡಿ. ಇಡೀ ಅಂಕಣದಲ್ಲಿ ಇಷ್ಟು ಸುಲಭದ ಉಪಾಯವನ್ನು ನಾನು ಬೇರೆ ಯಾರಿಗೂ ಹೇಳಲಾರೆ, ಏಕೆಂದರೆ ತಿನ್ನುವ ವಸ್ತು ತಯಾರಾಗುವುದನ್ನು ನೋಡುವ ಅವಕಾಶ ಬೇರೆಯವರಿಗಿಲ್ಲ.

ನಮ್ಮ ಸ್ತ್ರೀಶಕ್ತಿ ಸಂಘದಿಂದ ಮಾವಿನ ಮಿಡಿ, ನಿಂಬೆ, ಅಮಟೆಕಾಯಿ ಉಪ್ಪಿನಕಾಯಿ ಮಾಡಿ ಮಾರುತ್ತೇವೆ. ಬೆಂಗಳೂರಿನ ಅಂಗಡಿಯವರು ‘ಒಂದು ವರ್ಷ ಕೆಡಬಾರದು, ಸೋಡಿಯಂ ಬೆಂಜೊಯೇಟ್ ಹಾಕಿ’ ಎನ್ನುತ್ತಾರೆ. ಒಂದು ಚಮಚ ಹಾಕಿದರೆ ಸಾಕೇ?
— ಸಂಘದ ಸದಸ್ಯೆ, ಮೂಡಿಗೆರೆ

ಚಮಚದ ಮಾತನ್ನು ಮೊದಲು ಬಿಟ್ಟುಬಿಡಿ. ಉಪ್ಪಿನಕಾಯಿಗೆ ಬೆಂಜೊಯೇಟಿನ ಮಿತಿ ಒಂದು ಕೆ.ಜಿ.ಗೆ 250 ಮಿಲಿಗ್ರಾಂ, ಅಂದರೆ ಕಾಲು ಗ್ರಾಂ. ಒಂದು ಟೀ ಚಮಚದಲ್ಲಿ ನಾಲ್ಕು ಗ್ರಾಂ ಹಿಡಿಯುತ್ತದೆ ಎಂದಿಟ್ಟುಕೊಂಡರೂ ಅದು ಹದಿನಾರು ಕೆ.ಜಿ.ಗೆ ಆಗುವಷ್ಟಾಯಿತು, ಎರಡು ಕೆ.ಜಿ.ಯ ಭರಣಿಗೆ ಒಂದು ಚಮಚ ಸುರಿದರೆ ಮಿತಿಯ ಎಂಟು ಪಟ್ಟು. ಹಾಕಲೇಬೇಕಾದರೆ ಚಿನ್ನಬೆಳ್ಳಿ ತೂಗುವಂಥ ಸಣ್ಣ ತಕ್ಕಡಿ ಬೇಕು, ಪೂರ್ತಿ ಕರಗಿಸಿ ಎಲ್ಲೆಡೆ ಸಮವಾಗಿ ಕಲಸಬೇಕು, ಸೀಸೆಯ ಮೇಲೆ ‘ಎರಡನೆಯ ವರ್ಗದ ಸಂರಕ್ಷಕ 211’ ಎಂಬುದನ್ನು ಮುದ್ರಿಸಬೇಕು.

ಈ ‘ಎರಡನೆಯ ವರ್ಗ’ ಎಂಬ ಮಾತು ಸ್ವಾರಸ್ಯಕರವಾದದ್ದು. ನಮ್ಮ ಆಹಾರ ಕಾನೂನು ಸಂರಕ್ಷಕಗಳನ್ನು ಎರಡಾಗಿ ವಿಂಗಡಿಸಿದೆ. ಉಪ್ಪು, ಸಕ್ಕರೆ, ವಿನೆಗರ್, ಜೇನು, ಮಸಾಲೆ, ಅಡುಗೆ ಎಣ್ಣೆ ಮೊದಲ ವರ್ಗ; ಬೆಂಜೊಯೇಟ್, ಸಲ್ಫೈಟ್, ನೈಟ್ರೈಟ್ ಮೊದಲಾದವು ಎರಡನೆಯದು. ನಿಮ್ಮ ಅಜ್ಜಿಯ ಭರಣಿಯಲ್ಲಿ ಇದ್ದದ್ದು ಪೂರ್ತಿ ಮೊದಲ ವರ್ಗ. ತೊಟ್ಟು ಬಿಡಿಸದೆ ಕೊಯ್ದ ಮಿಡಿಯನ್ನು ಹರಳುಪ್ಪಿನಲ್ಲಿ ಮುರುಟುವವರೆಗೆ ಇಟ್ಟು, ಅದೇ ಉಪ್ಪುನೀರನ್ನು ಕುದಿಸಿ ಆರಿಸಿ, ಅದರಲ್ಲಿ ಸಾಸಿವೆ, ಮೆಣಸಿನಕಾಯಿ ರುಬ್ಬಿ ಸೇರಿಸಿ, ಮೇಲೆ ಎಣ್ಣೆ ನಿಲ್ಲಿಸುತ್ತಿದ್ದರು. ಉಪ್ಪುನೀರಿನ ಉಪ್ಪಿನಕಾಯಿಯಲ್ಲಿ ಉಪ್ಪು ಶೇ. 12ಕ್ಕಿಂತ ಕಡಿಮೆ ಇರಬಾರದೆಂದು ಇಂದಿನ ನಿಯಮವೂ ಹೇಳುವುದು ಅದೇ ಕಾರಣಕ್ಕೆ. ಸಾಸಿವೆಯ ಘಾಟಿಗೂ ಸೂಕ್ಷ್ಮಜೀವಿಗಳನ್ನು ತಡೆಯುವ ಗುಣವಿದೆ. ಹೀಗೆ ಮಾಡಿದ ಮಿಡಿ ಉಪ್ಪಿನಕಾಯಿಗೆ 211ರ ಅಗತ್ಯವೇ ಇಲ್ಲ, ಒದ್ದೆ ಚಮಚ ತಗುಲದಿದ್ದರೆ ಎರಡು ವರ್ಷವೂ ಇರುತ್ತದೆ. ಅಂಗಡಿಯವರು ‘ಉಪ್ಪು ಕಡಿಮೆ ಮಾಡಿ, ಎಣ್ಣೆ ಕಡಿಮೆ ಮಾಡಿ’ ಎಂದಿದ್ದರೆ ಮಾತ್ರ ಬೆಂಜೊಯೇಟ್ ಬೇಕಾಗುತ್ತದೆ. ಅವರು ಏನು ಕೇಳುತ್ತಿದ್ದಾರೆಂಬುದನ್ನು ಮತ್ತೊಮ್ಮೆ ಸ್ಪಷ್ಟಪಡಿಸಿಕೊಳ್ಳಿ.

ನಿಂಬೆಯ ವಿಷಯದಲ್ಲಿ ಇನ್ನೊಂದು ಎಚ್ಚರ. ಬೆಂಜೊಯೇಟ್ ಮತ್ತು ಸಿ ಜೀವಸತ್ವ ಒಟ್ಟಿಗಿದ್ದು ಬಿಸಿಲು, ಶಾಖ ತಗುಲಿದರೆ ಅಲ್ಪಪ್ರಮಾಣದಲ್ಲಿ ಬೆಂಜೀನ್ ಉಂಟಾಗಬಹುದು, ಬೆಂಜೀನ್ ಕ್ಯಾನ್ಸರ್‌ಕಾರಕ. ತಂಪುಪಾನೀಯಗಳಲ್ಲಿ ಇದು ಪತ್ತೆಯಾದ ಮೇಲೆ ಹಲವು ತಯಾರಕರು ತಮ್ಮ ಮಿಶ್ರಣವನ್ನೇ ಬದಲಿಸಿದರು. ನಿಂಬೆಯಂಥ ಹುಳಿ ಹಣ್ಣಿಗೆ ಉಪ್ಪೇ ಸಾಕಷ್ಟಾಗುವಾಗ ಈ ಗೊಡವೆ ಬೇಡ.

ಚಿಕ್ಕಮಗಳೂರಿನ ಹಾಸ್ಟೆಲಿನಲ್ಲಿದ್ದೇನೆ. ದಿನವೂ ರಾತ್ರಿ ನೂಡಲ್ಸ್ ತಿನ್ನುತ್ತೇನೆ. ಅಜಿನೊಮೊಟೊ ವಿಷವೇ?
— ಪದವಿ ವಿದ್ಯಾರ್ಥಿನಿ

ಅಲ್ಲ. ಪೊಟ್ಟಣದ ಮೇಲೆ 621 ಎಂದು ಕಾಣಿಸುವ ಈ ಉಪ್ಪನ್ನು 1908ರಲ್ಲಿ ಜಪಾನಿನ ರಸಾಯನಶಾಸ್ತ್ರಜ್ಞ ಕಿಕುನೆ ಇಕೆಡಾ ಕಡಲಪಾಚಿಯ ಸಾರಿನ ರುಚಿಯನ್ನು ಹುಡುಕುತ್ತಾ ಹೋಗಿ ಕಂಡುಕೊಂಡರು. ಅದರಲ್ಲಿ ರುಚಿ ಕೊಡುವ ಗ್ಲುಟಮೇಟ್ ಎಂಬ ಅಂಶ ಮಾಗಿದ ಟೊಮ್ಯಾಟೊದಲ್ಲೂ ಇದೆ, ನಮ್ಮ ಮೈಯಲ್ಲೂ ಇದೆ. ಬರಿಹೊಟ್ಟೆಯಲ್ಲಿ ಬಹಳಷ್ಟು ತಿಂದಾಗ ಕೆಲವರಿಗೆ ತಲೆನೋವು, ಬಿಸಿಯೆದ್ದಂತಾಗುವುದು ಉಂಟು, ಅಂಥವರು ಬಿಡಲಿ. ಒಂದು ವರ್ಷದೊಳಗಿನ ಮಕ್ಕಳ ಆಹಾರಕ್ಕೆ ಅದನ್ನು ಸೇರಿಸಬಾರದೆಂಬ ನಿಯಮವಿದೆ. ದಿನವೂ ರಾತ್ರಿ ನೂಡಲ್ಸ್ ತಿನ್ನುವ ನಿಮ್ಮ ಅಭ್ಯಾಸದಲ್ಲಿ ನನಗೆ ಚಿಂತೆಯಿರುವುದು 621ರ ಬಗ್ಗೆ ಅಲ್ಲ, ಆ ಮಸಾಲೆಯ ಚೀಟಿಯಲ್ಲಿರುವ ಅಡುಗೆ ಉಪ್ಪಿನ ಬಗ್ಗೆ. ಅರ್ಧ ಚೀಟಿ ಹಾಕಿ, ಒಂದು ಮೊಟ್ಟೆಯನ್ನೋ ಬಟಾಣಿಯನ್ನೋ ಸೇರಿಸಿ.

ನಿವೃತ್ತ ಶಿಕ್ಷಕ. ಎಂಟು ವರ್ಷದಿಂದ ಮಧುಮೇಹವಿದೆ. ದಿನಕ್ಕೆ ಮೂರು ಲೋಟ ಕಾಫಿಗೆ ಸಕ್ಕರೆಯ ಬದಲು ಸಿಹಿ ಮಾತ್ರೆ ಹಾಕಿಕೊಳ್ಳುತ್ತೇನೆ. ಅದರಿಂದ ಕ್ಯಾನ್ಸರ್ ಬರುತ್ತದೆಂದು ಪತ್ರಿಕೆಯಲ್ಲಿ ಓದಿ ಗಾಬರಿಯಾಗಿದ್ದೇನೆ.
— ಹಿರಿಯ ಓದುಗರು, ಕಡೂರು

ಗಾಬರಿ ಬೇಡ, ಮೇಷ್ಟ್ರೇ. ನೀವು ಓದಿರುವುದು 951, ಅಂದರೆ ಆಸ್ಪರ್ಟೇಮಿನ ಸುದ್ದಿ ಇರಬೇಕು. 2023ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ‘ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದಾದ’ ವಸ್ತುಗಳ ಗುಂಪಿಗೆ ಸೇರಿಸಿತು. ಪುರಾವೆ ಮಿತವಾದದ್ದು ಎಂದೂ ಹೇಳಿತು. ಅದೇ ದಿನ ಅದೇ ಸಂಸ್ಥೆಯ ಇನ್ನೊಂದು ಸಮಿತಿ, ದೇಹದ ತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 40 ಮಿಲಿಗ್ರಾಂ ಎಂಬ ಹಳೆಯ ಮಿತಿಯನ್ನು ಬದಲಿಸಬೇಕಿಲ್ಲವೆಂದಿತು. ಪತ್ರಿಕೆಗಳ ತಲೆಬರಹಕ್ಕೆ ಸಿಕ್ಕಿದ್ದು ಮೊದಲನೆಯದು ಮಾತ್ರ. ಅರವತ್ತು ಕೆ.ಜಿ. ತೂಕದವರಿಗೆ ಆ ಮಿತಿ 2,400 ಮಿಲಿಗ್ರಾಂ ಆಗುತ್ತದೆ. ಮೂರು ಲೋಟ ಕಾಫಿಯ ಮಾತ್ರೆಗಳು ಅದರ ಹತ್ತಿರವೂ ಸುಳಿಯುವುದಿಲ್ಲ. ತೂಕ ಇಳಿಸಲೆಂದು ಇಂಥ ಸಿಹಿಕಾರಕಗಳನ್ನು ನಂಬಿಕೊಳ್ಳಬೇಡಿ ಎಂದು 2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನೀಡಿದ ಸಲಹೆಯೂ ಈಗಾಗಲೇ ಮಧುಮೇಹ ಇರುವವರನ್ನು ಉದ್ದೇಶಿಸಿದ್ದಲ್ಲ. ಕುದಿಸಿದರೆ ಆಸ್ಪರ್ಟೇಮಿನ ಸಿಹಿ ಕುಂದುವುದರಿಂದ ಕಾಫಿಯನ್ನು ಲೋಟಕ್ಕೆ ಬಗ್ಗಿಸಿದ ಮೇಲೆ ಮಾತ್ರೆ ಹಾಕಿಕೊಳ್ಳಿ. ‘ಸಕ್ಕರೆ ಇಲ್ಲ’ ಎಂದು ಬರೆದ ಬಿಸ್ಕತ್ತಿನ ವಿಷಯದಲ್ಲಿ ಮಾತ್ರ ಹುಷಾರು, ಪಟ್ಟಿಯ ಮೊದಲ ಹೆಸರು ಮೈದಾ ಆಗಿದ್ದರೆ ಅದು ನಿಮಗಲ್ಲ.

ನೀವು ಕೇಳದಿದ್ದರೂ ಕಾಫಿಪುಡಿಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಚಿಕೋರಿ ಎಂಬುದು ಹುರಿದು ಪುಡಿಮಾಡಿದ ಬೇರು, ಹಾನಿಕರವಲ್ಲ. ಚಿಕೋರಿ ಬೆರೆಸಿದ ಪುಡಿಯಲ್ಲಿ ಶೇ. 51ರಷ್ಟಾದರೂ ಕಾಫಿ ಇರಬೇಕು, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಬರೆಯಬೇಕು. ತಣ್ಣೀರಿನ ಮೇಲೆ ಚಿಟಿಕೆ ಪುಡಿ ಉದುರಿಸಿದರೆ ಕಾಫಿ ತೇಲುತ್ತದೆ, ಚಿಕೋರಿ ಕಂದು ಗೆರೆ ಬಿಡುತ್ತಾ ತಳಕ್ಕಿಳಿಯುತ್ತದೆ. 1925ರಷ್ಟು ಹಿಂದೆಯೇ ಬಾಳೆಹೊನ್ನೂರಿನಲ್ಲಿ ಕಾಫಿಯ ಸಂಶೋಧನೆಗೆಂದು ಕೇಂದ್ರ ತೆರೆದ ಜಿಲ್ಲೆಯವರು ಅರ್ಧ ಬೇರು ಕುಡಿಯುವುದು ನನಗಂತೂ ಸ್ವಲ್ಪ ಬೇಸರದ ಸಂಗತಿ. ಆರೋಗ್ಯದ ಮಾತಲ್ಲ, ರುಚಿಯ ಮಾತು.

ಅಂಗಡಿಯಿಂದ ತಂದ ಒಣ ಹಸಿರು ಬಟಾಣಿಯನ್ನು ನೆನೆಹಾಕಿದಾಗ ನೀರೆಲ್ಲ ಹಸಿರಾಯಿತು. ಅಂಗಡಿಯವರಿಗೆ ಹೇಳಿದರೆ ‘ಅದು ಬಟಾಣಿಯದೇ ಬಣ್ಣ’ ಎಂದು ನಕ್ಕರು. ಯಾರಲ್ಲಿ ಕೇಳಬೇಕು?
— ಓದುಗರು, ಅರಸೀಕೆರೆ

ಬಟಾಣಿಯ ಸಹಜ ಹಸಿರು ಹೀಗೆ ನೀರಿಗೆ ಬಿಡುವುದಿಲ್ಲ. ಅರ್ಧ ಗಂಟೆಯಲ್ಲಿ ನೀರು ಹಸಿರಾದರೆ ಮೇಲಿನಿಂದ ಬಣ್ಣ ಹಚ್ಚಿದ್ದಾರೆಂದೇ ತಿಳಿಯಬೇಕು. ಆ ಬಣ್ಣ ಯಾವುದೆಂಬುದನ್ನು ಹೇಳಬೇಕಾದದ್ದು ಮಾತ್ರ ಪ್ರಯೋಗಾಲಯ. ಬಿಡಿಯಾಗಿ ಮಾರುವ ಕಾಳಿಗೆ ಪೊಟ್ಟಣವೂ ಇಲ್ಲ, ಅಂಕಿಯೂ ಇಲ್ಲ. ನಿಮಗೆ ಎರಡು ದಾರಿಗಳಿವೆ. ಮೊದಲನೆಯದು, ಜಿಲ್ಲೆಯ ಆಹಾರ ಸುರಕ್ಷತೆಯನ್ನು ನೋಡಿಕೊಳ್ಳುವ ಹಾಸನದ ಜಿಲ್ಲಾ ಅಂಕಿತಾಧಿಕಾರಿಗಳ ಕಚೇರಿಗೆ ಅಥವಾ ನಿಮ್ಮ ತಾಲ್ಲೂಕಿನ ಆಹಾರ ಸುರಕ್ಷತಾಧಿಕಾರಿಗೆ ಅಂಗಡಿಯ ವಿಳಾಸ, ಕೊಂಡ ದಿನಾಂಕಗಳೊಂದಿಗೆ ಲಿಖಿತ ದೂರು ಕೊಡುವುದು. ಅವರೇ ಬಂದು ಮಾದರಿ ತೆಗೆಯುತ್ತಾರೆ. ಎರಡನೆಯದು ಹೆಚ್ಚಿನವರಿಗೆ ತಿಳಿದಿಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 40ನೆಯ ಪ್ರಕರಣದ ಪ್ರಕಾರ, ಕೊಂಡ ಯಾವುದೇ ಆಹಾರವನ್ನು ಶುಲ್ಕ ತೆತ್ತು ಸರ್ಕಾರಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸುವ ಹಕ್ಕು ಗ್ರಾಹಕನಿಗಿದೆ. ವರದಿಯಲ್ಲಿ ತಪ್ಪು ಸಾಬೀತಾದರೆ ಕಟ್ಟಿದ ಶುಲ್ಕ ಮರಳಿ ಸಿಗುತ್ತದೆ.

ಆದರೆ ಪರೀಕ್ಷೆಗೆ ಕಳುಹಿಸುವ ಉದ್ದೇಶವನ್ನು ಕೊಳ್ಳುವ ಹೊತ್ತಿನಲ್ಲೇ ಅಂಗಡಿಯವರಿಗೆ ತಿಳಿಸಬೇಕು. ಹಾಗಾಗಿ ಈಗಾಗಲೇ ನೆನೆಹಾಕಿದ ಬಟಾಣಿ ಅದಕ್ಕೆ ಒದಗುವುದಿಲ್ಲ. ಅದನ್ನು ಚೆಲ್ಲಿ, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ, ವಿಷಯ ತಿಳಿಸಿಯೇ ಅರ್ಧ ಕೆ.ಜಿ. ಬಟಾಣಿ ಮತ್ತೆ ಕೊಳ್ಳಿ, ರಸೀದಿ ಬರೆಸಿಕೊಳ್ಳಿ.